ಮಾರಿಯೊನ ಟೋಪಿಯಿಂದ ಗುಂಗುರು ಕೂದಲಿನವರೆಗೆ

ಯಲ್ಲಾಪುರ ತಾಲೂಕಿನ ಒಂದು ಸಿದ್ದಿ ಕೇರಿಗೆ ಕಾಲುಸಂಕದ ಸುದ್ದಿ ಮಾಡಲು ಹೋಗಿದ್ದೆವು. ಹಳ್ಳ ತುಂಬಿದರೆ ಮಕ್ಕಳಿಗೆ ಶಾಲೆ ಇಲ್ಲ, ಸಂಕಕ್ಕೆ ಅರ್ಜಿ ಕೊಟ್ಟು ವರ್ಷಗಳಾದವು ಎಂಬ ಸುದ್ದಿ. ನಮ್ಮ ಜಿಲ್ಲೆಯ ಓದುಗರಿಗೆ ಹೊಸದೇನಲ್ಲ. ಮಾತಾಡಬೇಕಿದ್ದ ಹಿರಿಯರು ತೋಟದ ಕೆಲಸ ಮುಗಿಸಿ ಬರುವುದು ತಡವಾಯಿತು. ಜಗಲಿಯಲ್ಲಿ ಕಾಯುತ್ತ ಕುಳಿತಾಗ ಪಕ್ಕದಲ್ಲೇ ಮೂವರು ಹುಡುಗರು ಒಂದೇ ಫೋನಿನ ಮೇಲೆ ಬಗ್ಗಿದ್ದರು. ಆಟ ಶುರುವಾಗುವ ಮೊದಲು ತಮ್ಮದೇ ಒಂದು ಗೊಂಬೆ ಮಾಡಿಕೊಳ್ಳಬೇಕು. ಮೈಬಣ್ಣ ಸಿಕ್ಕಿತು. ಅಂಗಿ ಸಿಕ್ಕಿತು. ಕೂದಲಿನ ಪಟ್ಟಿಗೆ ಬಂದಾಗ ಹುಡುಗನ ಬೆರಳು ಮೇಲೆ ಕೆಳಗೆ ಓಡಾಡಿ ನಿಂತುಬಿಟ್ಟಿತು. ನೇರ ಕೂದಲು, ಹಿಂದಕ್ಕೆ ಬಾಚಿದ ಕೂದಲು, ಹಣೆಗೆ ಇಳಿಬಿದ್ದ ಕೂದಲು, ನೀಲಿ ಕೂದಲು, ಗುಲಾಬಿ ಕೂದಲು.

"ನಮ್ ಕೂದ್ಲು ಇದ್ರಲ್ಲಿ ಇಲ್ಲ" ಎಂದ ಅವನು, ಯಾರಿಗೆಂದು ಹೇಳಿದ್ದಲ್ಲ. ಆಮೇಲೆ ಗೊಂಬೆಯ ತಲೆಗೊಂದು ಹೆಲ್ಮೆಟ್ ಹಾಕಿ ಆಟ ಶುರುಮಾಡಿದ.

ಸಂಕದ ಸುದ್ದಿ ಎರಡು ಕಾಲಂ ಬಂತು. ಕೂದಲಿನ ಮಾತು ಮಾತ್ರ ನಮ್ಮ ತಲೆಯಲ್ಲೇ ಉಳಿಯಿತು. ಗುಡ್ಡ, ನದಿ, ಬಂದೂಕಿನ ಮೇಲಿನ ತುಕ್ಕು, ಹುಲ್ಲಿನ ಮೇಲಿನ ಇಬ್ಬನಿ ಎಲ್ಲವನ್ನೂ ಕಣ್ಣಿಗೆ ಕಟ್ಟುವಂತೆ ತೋರಿಸುವ ಈ ಆಟಗಳಿಗೆ ಗುಂಗುರು ಕೂದಲು ಯಾಕೆ ಬರುವುದಿಲ್ಲ? ಕೈಲಾಗಲಿಲ್ಲವೋ, ಮನಸ್ಸು ಮಾಡಲಿಲ್ಲವೋ? ಹುಡುಕುತ್ತ ಹೋದಾಗ ಸಿಕ್ಕಿದ್ದು ನಾಲ್ಕು ದಶಕಗಳ ಇತಿಹಾಸ. ಅದರ ಬಹುಪಾಲು ನಡೆದದ್ದು ಜಪಾನ್, ಇಂಗ್ಲೆಂಡ್ ಮತ್ತು ಅಮೆರಿಕದಲ್ಲಿ.

ಮೊದಲ ಉಪಾಯ: ಟೋಪಿ

ಆ ಹುಡುಗ ಮಾಡಿದ್ದನ್ನೇ 1981ರಲ್ಲಿ ಜಪಾನಿನ ಶಿಗೆರು ಮಿಯಾಮೊಟೊ ಮಾಡಿದ್ದರು. 'ಡಾಂಕಿ ಕಾಂಗ್' ಆಟಕ್ಕೆ ಅವರು ಒಬ್ಬ ಪುಟ್ಟ ಮನುಷ್ಯನನ್ನು ಬರೆಯಬೇಕಿತ್ತು. ಪರದೆಯ ಮೇಲೆ ಸಿಕ್ಕಿದ್ದು ಬೆರಳೆಣಿಕೆಯ ಚುಕ್ಕಿಗಳು. ಅಷ್ಟರಲ್ಲಿ ಬಾಯಿ ಬರೆಯಲಾಗದು ಎಂದು ಮೀಸೆ ಇಟ್ಟರು. ಓಡುವಾಗ, ಹಾರುವಾಗ ಕೂದಲು ಆಡಿಸುವುದು ಕಷ್ಟ ಎಂದು ಕೆಂಪು ಟೋಪಿ ಹಾಕಿದರು. ಮುಂದೆ ಜಗತ್ಪ್ರಸಿದ್ಧನಾದ ಮಾರಿಯೊ ಹುಟ್ಟಿದ್ದು ಹೀಗೆ. ಅಂದರೆ ವಿಡಿಯೋ ಗೇಮಿನ ಅತಿ ಹೆಸರುವಾಸಿ ಟೋಪಿ, ಕೂದಲಿನಿಂದ ತಪ್ಪಿಸಿಕೊಳ್ಳಲು ಹಾಕಿದ ಟೋಪಿ.

ಹದಿನೈದು ವರ್ಷಗಳ ನಂತರವೂ ಪಾಡು ಹೆಚ್ಚು ಬದಲಾಗಿರಲಿಲ್ಲ. 1996ರಲ್ಲಿ ಇಂಗ್ಲೆಂಡಿನ ಡರ್ಬಿ ಪಟ್ಟಣದ ಕೋರ್ ಡಿಸೈನ್ ಸಂಸ್ಥೆ 'ಟೂಂಬ್ ರೈಡರ್' ಮಾಡಿತು. ನಾಯಕಿ ಲಾರಾ ಕ್ರಾಫ್ಟ್‌ಗೆ ಉದ್ದನೆಯ ಜಡೆ ಇರಬೇಕೆಂದು ಚಿತ್ರದಲ್ಲಿ ಬರೆದುಕೊಂಡಿದ್ದರು. ಆಟದೊಳಗೆ ಜಡೆ ಆಡಿಸಲು ಆಗಲಿಲ್ಲ. ಹಾಗಾಗಿ ಮೊದಲ ಆಟದಲ್ಲಿ ಲಾರಾಳದು ತುರುಬು. ಜಡೆ ಬಂದದ್ದು ಮರುವರ್ಷದ ಎರಡನೇ ಭಾಗದಲ್ಲಿ.

ಆ ಕಾಲದಲ್ಲಿ ಕೂದಲು ಎಂದರೆ ತಲೆಗೆ ಕವುಚಿದ ಒಂದು ಗಟ್ಟಿ ಅಚ್ಚು. ನೇರ ಕೂದಲಿಗೂ ಅದೇ ಅಚ್ಚು, ಗುಂಗುರು ಕೂದಲಿಗೂ ಅದೇ. ಆಗ ಅನ್ಯಾಯ ಎಲ್ಲರಿಗೂ ಸಮನಾಗಿತ್ತು ಎನ್ನಬಹುದು. ದಾರಿ ಬೇರೆಯಾದದ್ದು ಆಮೇಲೆ.

ಸೋಗೆ ಹೊದಿಸುವ ವಿದ್ಯೆ

ಕಂಪ್ಯೂಟರುಗಳು ಬಲಿತ ಮೇಲೆ ಗೇಮಿನ ಕಲಾವಿದರು ಕೂದಲಿಗೆ ಒಂದು ಹೊಸ ಉಪಾಯ ಕಂಡುಕೊಂಡರು. ಉದ್ದುದ್ದ ತೆಳು ಪಟ್ಟಿಗಳನ್ನು ಮಾಡುವುದು, ಒಂದೊಂದು ಪಟ್ಟಿಯ ಮೇಲೂ ಹತ್ತಾರು ಎಳೆಗಳ ಚಿತ್ರ ಬಿಡಿಸಿ ಉಳಿದ ಜಾಗವನ್ನು ಪಾರದರ್ಶಕ ಮಾಡುವುದು, ಆ ಪಟ್ಟಿಗಳನ್ನು ತಲೆಯ ಮೇಲೆ ಒಂದರ ಮೇಲೊಂದು ಅಂಟಿಸುತ್ತ ಬರುವುದು. ಇವನ್ನು ಹೇರ್ ಕಾರ್ಡ್ ಎನ್ನುತ್ತಾರೆ. ನಮ್ಮ ಕಡೆ ಮಾಡಿಗೆ ಅಡಿಕೆ ಸೋಗೆ ಹೊದಿಸುವುದನ್ನು ಕಂಡವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಕೆಳಗಿನ ಸಾಲು, ಅದರ ಮೇಲೆ ಇನ್ನೊಂದು, ಅದರ ಮೇಲೆ ಮತ್ತೊಂದು. ಹತ್ತು ಸಾವಿರ ಎಳೆ ಬರೆಯುವ ಕಡೆ ನೂರಿನ್ನೂರು ಪಟ್ಟಿಯಲ್ಲಿ ಕೆಲಸ ಮುಗಿಯುತ್ತದೆ.

ಆದರೆ ಸೋಗೆಯ ಮಾಡು ಇಳಿಜಾರಾಗಿರಬೇಕು. ಇಳಿಬೀಳುವ ಕೂದಲಿಗೆ ಈ ವಿದ್ಯೆ ಒಗ್ಗುತ್ತದೆ, ಮೇಲೆದ್ದು ನಿಲ್ಲುವ ಕೂದಲಿಗೆ ಒಗ್ಗುವುದಿಲ್ಲ. ಆಫ್ರಿಕಾ ಮೂಲದ ಜನರ ಬಿಗಿ ಸುರುಳಿಯ ಕೂದಲು ನೆತ್ತಿಯಿಂದ ನಾಲ್ಕೂ ದಿಕ್ಕಿಗೆ ಹೊರಡುತ್ತದೆ. ಅದಕ್ಕೆ ಎತ್ತರ, ದಪ್ಪ, ಆಳ ಎಲ್ಲ ಇದೆ. ಅಂಚಿನಲ್ಲಿ ಬೆಳಕು ತೂರಿಬರುತ್ತದೆ. ಚಪ್ಪಟೆ ಪಟ್ಟಿಗಳನ್ನು ಹಾಗೆ ನಿಲ್ಲಿಸಿದರೆ ಪಕ್ಕದಿಂದ ನೋಡಿದಾಗ ಪಟ್ಟಿಯ ಅಂಚು ಕಾಣುತ್ತದೆ, ನಡುವೆ ತೂತು ಕಾಣುತ್ತದೆ.

ಕಲಾವಿದರು ಸುಲಭದ ದಾರಿ ಹಿಡಿದರು. ಕಪ್ಪು ಪಾತ್ರ ಬಂದರೆ ಬೋಳು ತಲೆ, ಇಲ್ಲವೇ ಬುಡಮಟ್ಟ ಕತ್ತರಿಸಿದ ಕೂದಲು. ಇಲ್ಲವೇ ನೆತ್ತಿಗೆ ಅಂಟಿದ ಸಾಲುಜಡೆ, ಅದನ್ನಾದರೆ ತಲೆಯ ಮೇಲೆ ಬಣ್ಣದಲ್ಲೇ ಬರೆದುಬಿಡಬಹುದು. ಅದೂ ಬೇಡವಾದರೆ ಚೆಂಡಿನಂಥ ಒಂದು ದುಂಡು ಆಫ್ರೊ. 2018ರಲ್ಲಿ 'ಬ್ಲ್ಯಾಕ್ ಪ್ಯಾಂಥರ್' ಸಿನಿಮಾ ಬಂದ ಮೇಲೆ ಅದರ ಪ್ರತಿನಾಯಕ ಕಿಲ್‌ಮಾಂಗರ್‌ನ ಕ್ರಾಪು, ಅಂದರೆ ಪಕ್ಕ ಬೋಳಿಸಿ ಮೇಲೆ ಗಿಡ್ಡ ಜಡೆಗಳನ್ನು ಬಿಟ್ಟ ಶೈಲಿ, ಎಷ್ಟೊಂದು ಆಟಗಳಲ್ಲಿ ಕಾಣಿಸಿಕೊಂಡಿತೆಂದರೆ, ಅಮೆರಿಕದ ಕಪ್ಪು ಆಟಗಾರರು ಮೊದಲು ನಕ್ಕು ಆಮೇಲೆ ಬೇಸತ್ತರು. ಕೋಟ್ಯಂತರ ಜನರ ತಲೆಗೆ ಕೊಟ್ಟದ್ದು ನಾಲ್ಕೈದು ಅಚ್ಚು.

ಕರಡಿಗೆ ಮೊದಲ ಸರದಿ

ಕೂದಲನ್ನು ಎಳೆ ಎಳೆಯಾಗಿ ಮೂಡಿಸುವ ವಿದ್ಯೆ ಬೆಳೆದದ್ದು ಪ್ರಯೋಗಾಲಯ ಮತ್ತು ಸಿನಿಮಾ ಸ್ಟುಡಿಯೋಗಳಲ್ಲಿ. 1989ರಲ್ಲಿ ಜೇಮ್ಸ್ ಕಜಿಯಾ ಮತ್ತು ತಿಮೊತಿ ಕೇ ಎಂಬ ಸಂಶೋಧಕರು ಕಂಪ್ಯೂಟರಿನಲ್ಲಿ ರೋಮ ಮೂಡಿಸುವ ಸೂತ್ರ ಪ್ರಕಟಿಸಿದರು. ಅದರ ಪ್ರಸಿದ್ಧ ಚಿತ್ರ ಒಂದು ಆಟಿಕೆ ಕರಡಿಯದು. 2001ರಲ್ಲಿ 'ಫೈನಲ್ ಫ್ಯಾಂಟಸಿ: ದಿ ಸ್ಪಿರಿಟ್ಸ್ ವಿದಿನ್' ಸಿನಿಮಾದ ಆಕಿ ರಾಸ್ ಎಂಬ ಪಾತ್ರಕ್ಕೆ ಸುಮಾರು 60,000 ಎಳೆ ಕೂದಲು ಕೊಟ್ಟರು, ಎಲ್ಲವೂ ನೇರ, ನುಣುಪು. ಅದೇ ವರ್ಷ 'ಮಾನ್‌ಸ್ಟರ್ಸ್ ಇಂಕ್' ಸಿನಿಮಾದ ಸಲ್ಲಿ ಎಂಬ ನೀಲಿ ಪ್ರಾಣಿಗೆ 20 ಲಕ್ಷಕ್ಕೂ ಹೆಚ್ಚು ರೋಮ.

2003ರಲ್ಲಿ ಸ್ಟೀಫನ್ ಮಾರ್ಷ್ನರ್ ಮತ್ತು ಸಂಗಡಿಗರು ಒಂದು ಎಳೆಯೊಳಗೆ ಬೆಳಕು ಹೇಗೆ ಓಡಾಡುತ್ತದೆ ಎಂದು ಅಳೆದು ತೋರಿಸಿದರು. ಸ್ವಲ್ಪ ಬೆಳಕು ಎಳೆಯ ಮೇಲ್ಮೈಗೆ ಬಡಿದು ಚಿಮ್ಮುತ್ತದೆ. ಸ್ವಲ್ಪ ಎಳೆಯನ್ನು ಹಾದು ಆಚೆ ಬರುತ್ತದೆ. ಇನ್ನು ಸ್ವಲ್ಪ ಒಳಹೋಗಿ, ಹಿಂದಿನ ಗೋಡೆಗೆ ತಾಗಿ ಬಣ್ಣ ಹೊತ್ತು ಮರಳುತ್ತದೆ. ಎಣ್ಣೆ ಹಚ್ಚಿ ಬಾಚಿದ ಜಡೆಯ ಮೇಲೆ ಅಡ್ಡಲಾಗಿ ಮಿಂಚುವ ಬೆಳ್ಳಿಪಟ್ಟಿ ಕಾಣುತ್ತದಲ್ಲ, ಅದರ ಲೆಕ್ಕ ಇದರಿಂದ ಸರಿಯಾಗಿ ಸಿಕ್ಕಿತು. ಇಂದಿಗೂ ಈ ರಂಗದ ಅಡಿಪಾಯ ಇದೇ.

ಈ ಸೂತ್ರ ತಪ್ಪಲ್ಲ. ಆದರೆ ಆ ಮಿಂಚಿನ ಪಟ್ಟಿ ಕಾಣಬೇಕಾದರೆ ಎಳೆಗಳೆಲ್ಲ ಒಂದೇ ದಿಕ್ಕಿಗೆ ಸಾಲಾಗಿ ಮಲಗಿರಬೇಕು. ಬಿಗಿ ಸುರುಳಿಯಲ್ಲಿ ಒಂದೊಂದು ಎಳೆಯ ಒಂದೊಂದು ತುಣುಕೂ ಬೇರೆ ದಿಕ್ಕಿಗೆ ತಿರುಗಿರುತ್ತದೆ. ಅಲ್ಲಿ ಬೆಳಕು ಪಟ್ಟಿಯಾಗದೆ ಪುಡಿಪುಡಿಯಾಗಿ ಚದುರುತ್ತದೆ. 'ಒಳ್ಳೆಯ ಕೂದಲು ಎಂದರೆ ಮಿಂಚು' ಎಂದು ಅಳತೆಗೋಲು ಇಟ್ಟುಕೊಂಡ ಮೇಲೆ, ಹಾಗೆ ಮಿಂಚದ ಕೂದಲು ಅಳತೆಯಿಂದಲೇ ಹೊರಗುಳಿಯಿತು.

ಗೇಮುಗಳಿಗೆ ಎಳೆ ಎಳೆಯ ಕೂದಲು ಬಂದದ್ದು ಇನ್ನೂ ತಡವಾಗಿ. 2013ರ ಹೊಸ 'ಟೂಂಬ್ ರೈಡರ್'ನಲ್ಲಿ ಎಎಂಡಿ ಕಂಪನಿಯ ಟ್ರೆಸ್‌ಎಫ್‌ಎಕ್ಸ್ ತಂತ್ರದಿಂದ ಲಾರಾಳ ಕೂದಲು ಗಾಳಿಗೆ ಹಾರಿತು, ನೀರಿಗೆ ಒದ್ದೆಯಾಯಿತು. ಅದೇ ವರ್ಷ 'ಕಾಲ್ ಆಫ್ ಡ್ಯೂಟಿ: ಘೋಸ್ಟ್ಸ್' ಆಟದ ನಾಯಿಗೆ ಎನ್‌ವಿಡಿಯಾ ಕಂಪನಿ ರೋಮ ಕೊಟ್ಟಿತು. 2015ರ 'ದಿ ವಿಚರ್ 3' ಆಟದಲ್ಲಿ ನಾಯಕ ಗೆರಾಲ್ಟ್‌ನ ಬಿಳಿಗೂದಲಿಗೂ ತೋಳಗಳ ಮೈಗೂ ಅದೇ ಕಂಪನಿಯ ತಂತ್ರ ಕೂತಿತು. ಸಾಲು ನೋಡಿ: ಕರಡಿ, ನೀಲಿ ಪ್ರಾಣಿ, ನೇರ ಕೂದಲಿನ ಹೆಣ್ಣು, ನಾಯಿ, ತೋಳ. ಬಿಗಿ ಗುಂಗುರು ಕೂದಲಿನ ಮನುಷ್ಯರ ಸರದಿ ಇನ್ನೂ ಬಂದಿರಲಿಲ್ಲ.

ಲೆಕ್ಕ ನಿಜಕ್ಕೂ ಕಷ್ಟ

ಹಾಗೆಂದು ಇದೆಲ್ಲ ಬರೀ ಅಸಡ್ಡೆ ಎಂದು ಬರೆದರೆ ಅರ್ಧ ಸುದ್ದಿ ಆಗುತ್ತದೆ. ಕೆಲಸ ನಿಜಕ್ಕೂ ಕಷ್ಟದ್ದು. ನಾವೇ ಒಂದು ಲೆಕ್ಕ ಹಾಕಿ ನೋಡಿದೆವು.

ಮನುಷ್ಯನ ತಲೆಯಲ್ಲಿ ಸುಮಾರು ಒಂದು ಲಕ್ಷ ಕೂದಲು. ಕಂಪ್ಯೂಟರ್ ಒಂದು ಎಳೆಯನ್ನು ಚುಕ್ಕಿಗಳ ಸಾಲಾಗಿ ನೆನಪಿಡುತ್ತದೆ. ಒಂದು ಅಡಿ ಉದ್ದದ ನೇರ ಎಳೆಗೆ ಹತ್ತು ಚುಕ್ಕಿ ಸಾಕು ಎನ್ನೋಣ. ತಲೆಗೆಲ್ಲ ಸೇರಿ 10 ಲಕ್ಷ ಚುಕ್ಕಿ. ಈಗ ಅದೇ ಉದ್ದದ ಎಳೆ 5 ಮಿಲಿಮೀಟರ್ ತ್ರಿಜ್ಯದ ಸುರುಳಿಯಾಗಿದೆ ಎಂದುಕೊಳ್ಳಿ. ಒಂದು ಸುತ್ತಿಗೆ ಸುಮಾರು 3 ಸೆಂಟಿಮೀಟರ್ ಎಳೆ ಬೇಕು, ಹತ್ತು ಸುತ್ತು ಆಗುತ್ತದೆ. ಒಂದು ಸುತ್ತು ದುಂಡಗೆ ಕಾಣಲು ಕನಿಷ್ಠ ಎಂಟು ಚುಕ್ಕಿ. ಅಂದರೆ ಎಳೆಗೆ 80, ತಲೆಗೆ 80 ಲಕ್ಷ. ಸುರುಳಿ ಇನ್ನೂ ಬಿಗಿಯಾದರೆ ಇದು ಇಮ್ಮಡಿ, ಮುಮ್ಮಡಿ. ಸಿನಿಮಾದ ಒಂದು ಚಿತ್ರಚೌಕಟ್ಟಿಗೆ ಕಂಪ್ಯೂಟರ್ ಗಂಟೆಗಟ್ಟಲೆ ಸಮಯ ತೆಗೆದುಕೊಳ್ಳಬಹುದು. ಆಟ ಹಾಗಲ್ಲ. ಸೆಕೆಂಡಿಗೆ 60 ಚೌಕಟ್ಟು ಬೇಕೆಂದರೆ ಒಂದಕ್ಕೆ ಸಿಗುವುದು ಹೆಚ್ಚುಕಡಿಮೆ 17 ಮಿಲಿಸೆಕೆಂಡ್. ಅಷ್ಟರಲ್ಲಿ ಕೂದಲಷ್ಟೇ ಅಲ್ಲ, ಗುಡ್ಡ, ಮಳೆ, ಶತ್ರು, ಗುಂಡು ಎಲ್ಲವೂ ಮುಗಿಯಬೇಕು.

ಚಲನೆಯದು ಇನ್ನೊಂದು ತಾಪತ್ರಯ. ನೇರ ಕೂದಲು ಭಾರಕ್ಕೆ ಜೋತು ಬೀಳುತ್ತದೆ, ಅದರ ಲೆಕ್ಕ ಹಗ್ಗದ ಲೆಕ್ಕ. ಬಿಗಿ ಸುರುಳಿ ಸ್ಪ್ರಿಂಗಿನಂತೆ ತನ್ನ ಭಾರ ತಾನೇ ಹೊತ್ತು ನಿಲ್ಲುತ್ತದೆ. ಎಳೆದರೆ ಹಿಗ್ಗುತ್ತದೆ, ಬಿಟ್ಟರೆ ಕುಗ್ಗುತ್ತದೆ. ಅಕ್ಕಪಕ್ಕದ ಸಾವಿರಾರು ಎಳೆಗಳಿಗೆ ತಾಗುತ್ತ, ತೊಡರುತ್ತ ಒಟ್ಟಾಗಿ ಅಲುಗುತ್ತದೆ.

ಆದರೂ ಕಷ್ಟ ಎಂಬುದೊಂದೇ ಉತ್ತರವಲ್ಲ. 2006ರಲ್ಲೇ ಫ್ರಾನ್ಸಿನ ಸಂಶೋಧಕರು 'ಸೂಪರ್ ಹೆಲಿಕ್ಸ್' ಎಂಬ ಹೆಸರಿನಲ್ಲಿ ಸುರುಳಿ ತುಣುಕುಗಳಿಂದಲೇ ಕೂದಲು ಕಟ್ಟುವ ಸೂತ್ರ ತಂದಿದ್ದರು. 2012ರಲ್ಲಿ ಪಿಕ್ಸಾರ್ ಸಂಸ್ಥೆ 'ಬ್ರೇವ್' ಸಿನಿಮಾದ ಸ್ಕಾಟ್ಲೆಂಡಿನ ರಾಜಕುಮಾರಿ ಮೆರಿಡಾಳ ಕೆಂಪು ಗುಂಗುರು ಕೂದಲಿಗಾಗಿ ಹೊಸ ತಂತ್ರಾಂಶವನ್ನೇ ಬರೆಯಿತು, ಸುಮಾರು 1,500 ಸುರುಳಿಗಳನ್ನು ಒಂದೊಂದಾಗಿ ರೂಪಿಸಿತು. ಕಥೆಗೆ ಬೇಕು ಅನ್ನಿಸಿದಾಗ ದುಡ್ಡೂ ಬಂತು, ಸಮಯವೂ ಬಂತು. ಮೆರಿಡಾಳದು ಇಳಿಬೀಳುವ ದೊಡ್ಡ ಸುರುಳಿ. ಅದಕ್ಕಿಂತ ಬಿಗಿಯಾದ ಸುರುಳಿ ಮಾತ್ರ ಯಾರ ಕಥೆಗೂ ಅಷ್ಟು ಬೇಕಾಗಲಿಲ್ಲ.

ಯಾರನ್ನು ಅಳತೆಗೆ ಇಟ್ಟುಕೊಂಡರು?

ನಮ್ಮ ವೃತ್ತಿಯಲ್ಲಿ ಕ್ಯಾಮೆರಾ ಹಿಡಿದವರಿಗೆ ಈ ಮಾತು ಹೊಸದಲ್ಲ. ಬಣ್ಣದ ಫಿಲ್ಮಿನ ಕಾಲದಲ್ಲಿ ಕೊಡಾಕ್ ಕಂಪನಿ ಫೋಟೋ ತೊಳೆಯುವ ಅಂಗಡಿಗಳಿಗೆ ಬಣ್ಣ ಹೊಂದಿಸಿಕೊಳ್ಳಲು ಒಂದು ಮಾದರಿ ಚಿತ್ರ ಕಳಿಸುತ್ತಿತ್ತು. ಅದರಲ್ಲಿದ್ದವಳು ಬಿಳಿ ಹೆಣ್ಣುಮಗಳು. ಮೊದಲ ಮಾದರಿಯ ಹೆಸರಿನಿಂದ ಅದಕ್ಕೆ ಶರ್ಲಿ ಕಾರ್ಡ್ ಎಂದೇ ಹೆಸರು ನಿಂತಿತು. ಆ ಚರ್ಮ ಸರಿಯಾಗಿ ಕಂಡರೆ ಬಣ್ಣ ಸರಿ ಎಂದು ಲೆಕ್ಕ. ಕಪ್ಪು ಮುಖಗಳು ಮಸಿಯಾಗಿ ಬರುತ್ತಿದ್ದವು. ಹಲವು ಮೈಬಣ್ಣದವರಿರುವ ಕಾರ್ಡು ಬಂದದ್ದು 1990ರ ದಶಕದಲ್ಲಿ. ಕೆನಡಾದ ವಿದ್ವಾಂಸೆ ಲೋರ್ನಾ ರಾತ್ ಈ ಇತಿಹಾಸವನ್ನು 2009ರಲ್ಲಿ ವಿವರವಾಗಿ ಬರೆದಿದ್ದಾರೆ.

ಕೂದಲಿನ ಬಗ್ಗೆ ಇದೇ ಮಾತನ್ನು 2020ರಲ್ಲಿ ಗಟ್ಟಿಯಾಗಿ ಹೇಳಿದವರು ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಥಿಯೊಡೋರ್ ಕಿಮ್. ಹಿಂದೆ ಪಿಕ್ಸಾರ್‌ನಲ್ಲಿ ಕೆಲಸ ಮಾಡಿದವರು. 'ಸೈಂಟಿಫಿಕ್ ಅಮೆರಿಕನ್' ಪತ್ರಿಕೆಯ ಲೇಖನದಲ್ಲಿ ಅವರು ಹೇಳಿದ್ದರ ತಾತ್ಪರ್ಯ ಇಷ್ಟು: ಕಂಪ್ಯೂಟರ್ ಗ್ರಾಫಿಕ್ಸ್ ಶಾಸ್ತ್ರ 'ಮನುಷ್ಯರ ಚರ್ಮ', 'ಮನುಷ್ಯರ ಕೂದಲು' ಎಂದು ಕರೆದು ಬೆಳೆಸಿದ್ದು ಹೆಚ್ಚಾಗಿ ಬಿಳಿ ಚರ್ಮದ ಹೊಳಪನ್ನು ಮತ್ತು ನೇರ ಕೂದಲಿನ ಮಿಂಚನ್ನು. ಜಾರ್ಜ್ ಫ್ಲಾಯ್ಡ್ ಅವರನ್ನು ಪೊಲೀಸರು ಕೊಂದು ಅಮೆರಿಕ ಬೀದಿಗಿಳಿದಿದ್ದ ವರ್ಷ ಅದು. ಮಾತು ಹಲವರ ಕಿವಿಗೆ ಬಿತ್ತು.

ಅಲ್ಲಿ ಕೂದಲು ಬರೀ ಸೊಗಸಿನ ವಿಷಯವಲ್ಲ ಎಂಬುದನ್ನೂ ಹೇಳಬೇಕು. ಸಹಜ ಕೂದಲು, ಜಡೆ ಬಿಟ್ಟುಕೊಂಡ ಕಾರಣಕ್ಕೆ ಶಾಲೆಯಿಂದ ಹೊರಹಾಕಿದ, ಕೆಲಸ ಕೊಡದ ಪ್ರಕರಣಗಳಿವೆ. ಅದನ್ನು ತಡೆಯಲು 2019ರಲ್ಲಿ ಕ್ಯಾಲಿಫೋರ್ನಿಯಾ ರಾಜ್ಯ 'ಕ್ರೌನ್' ಕಾಯ್ದೆ ತಂದಿತು, ನಂತರ ಹಲವು ರಾಜ್ಯಗಳು ಅದೇ ದಾರಿ ಹಿಡಿದವು. ಕೂದಲಿಗಾಗಿ ಕಾನೂನು ಬೇಕಾದ ಊರಿನಲ್ಲಿ, ಆಟದ ಪಟ್ಟಿಯಲ್ಲಿ ತನ್ನ ಕೂದಲು ಇಲ್ಲದಿರುವುದು ಮಗುವಿಗೆ ಸಣ್ಣ ಮಾತಾಗಲಾರದು.

2020ರಲ್ಲೇ ಬದಲಾವಣೆಯ ಗುರುತುಗಳು ಕಂಡವು. ಲಾಕ್‌ಡೌನ್ ಕಾಲದಲ್ಲಿ ಜಗತ್ತೇ ಆಡಿದ 'ಅನಿಮಲ್ ಕ್ರಾಸಿಂಗ್: ನ್ಯೂ ಹೊರೈಜನ್ಸ್' ಆಟದಲ್ಲಿ ಕಪ್ಪು ಜನರ ಕೂದಲು ಬೇಕೆಂದು ಆಟಗಾರರು ಸಹಿ ಸಂಗ್ರಹಿಸಿದರು. ನವೆಂಬರ್‌ನಲ್ಲಿ ಹೊಸ ಕೇಶವಿನ್ಯಾಸಗಳು ಬಂದವು. ಡಿಸೆಂಬರ್‌ನಲ್ಲಿ 'ದಿ ಸಿಮ್ಸ್ 4' ನೂರಕ್ಕೂ ಹೆಚ್ಚು ಮೈಬಣ್ಣಗಳನ್ನು ಸೇರಿಸಿತು. ಕಪ್ಪು ತಂದೆ, ಪೋರ್ಟೊರಿಕೊ ಮೂಲದ ತಾಯಿಯ ಮಗ ಮೈಲ್ಸ್ ಮೊರಾಲೆಸ್ ತನ್ನದೇ ಹೆಸರಿನ 'ಸ್ಪೈಡರ್‌ಮ್ಯಾನ್' ಆಟದ ನಾಯಕನಾದದ್ದೂ ಅದೇ ವರ್ಷ.

ಬಳ್ಳಿಯ ಕುಡಿ ನೋಡಿ ಕಲಿತದ್ದು

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಾಂತಾ ಕ್ರೂಜ್ ವಿಭಾಗದಲ್ಲಿ ಕಲಿಸುವ ಕಲಾವಿದರು ಎ. ಎಂ. ಡಾರ್ಕ್. ಡಿಜಿಟಲ್ ಮಾದರಿಗಳ ಮಾರುಕಟ್ಟೆಯಲ್ಲಿ ಕಪ್ಪು ಜನರ ಕೂದಲಿನ ಒಳ್ಳೆಯ ಮಾದರಿ ಸಿಗುವುದು ಅಪರೂಪ ಎಂಬ ಕೊರತೆಗೆ ಅವರು ಕಂಡುಕೊಂಡ ದಾರಿ 'ಓಪನ್ ಸೋರ್ಸ್ ಆಫ್ರೊ ಹೇರ್ ಲೈಬ್ರರಿ'. ಕಪ್ಪು ಕಲಾವಿದರೇ ಮಾಡಿದ ಮಾದರಿಗಳ ಮುಕ್ತ ಸಂಗ್ರಹ ಅದು. 2023ರ ಕೊನೆಯಲ್ಲಿ ಈ ಸಂಗ್ರಹದವರು ಮತ್ತು ಡವ್ ಸೋಪಿನ ಕಂಪನಿ ಸೇರಿ 'ಕೋಡ್ ಮೈ ಕ್ರೌನ್' ಎಂಬ ಕೈಪಿಡಿ ತಂದರು. 15 ಕೇಶವಿನ್ಯಾಸಗಳನ್ನು ಹಂತಹಂತವಾಗಿ ಮಾಡುವುದು ಹೇಗೆಂದು ಅದರಲ್ಲಿದೆ, ಉಚಿತ. ಸೋಪಿನ ಕಂಪನಿಗೆ ಇದರಲ್ಲಿ ಪ್ರಚಾರವೂ ಉಂಟು, ಆದರೆ 'ಹೇಗೆ ಮಾಡುವುದೋ ಗೊತ್ತಿಲ್ಲ' ಎನ್ನುವ ನೆಪ ಅಲ್ಲಿಗೆ ಮುಗಿಯಿತು.

ಕಿಮ್, ಡಾರ್ಕ್ ಮತ್ತು ಸಂಗಡಿಗರು ಲೆಕ್ಕದ ಕಡೆಯಿಂದಲೂ ಹೋದರು. 2023ರಲ್ಲಿ ಅವರ ತಂಡ 5 ಮಿಲಿಮೀಟರ್ ತ್ರಿಜ್ಯದವರೆಗಿನ ಬಿಗಿ ಸುರುಳಿಗೆಂದೇ ಚಲನೆಯ ಸೂತ್ರ ತಂದಿತು. 2024ರಲ್ಲಿ ಅದರ ಆಕಾರದ ಶಾಸ್ತ್ರ ಬಂತು. ಓದಿದಾಗ ನಮಗೆ ಇಷ್ಟವಾದದ್ದು ಇದು. ಮೂರು ಸಂಗತಿಗಳನ್ನು ಅವರು ಗುರುತಿಸಿ ಹೆಸರಿಟ್ಟರು. ಒಂದು, ಬುಡದಲ್ಲಿ ಎಳೆಗಳು ತಮ್ಮ ತಮ್ಮ ಪಾಡಿಗೆ ಸ್ಪಂಜಿನಂತೆ ಹರಡಿಕೊಂಡು, ದೂರ ಹೋದಂತೆ ಜೊತೆಗೂಡಿ ಒಂದೇ ಸುರುಳಿಯಾಗುತ್ತವೆ. ಎರಡು, ಬಲಕ್ಕೆ ಸುತ್ತುತ್ತಿದ್ದ ಎಳೆ ನಡುವೆ ಇದ್ದಕ್ಕಿದ್ದಂತೆ ಎಡಕ್ಕೆ ತಿರುಗುತ್ತದೆ. ಹಳೆಯ ಫೋನಿನ ಸುರುಳಿ ವೈರಿನಲ್ಲಿ ಇದನ್ನು ನೋಡಿರುತ್ತೀರಿ. ಹಿತ್ತಲಿನ ಸೌತೆಬಳ್ಳಿಯ ಕುಡಿ ಚಪ್ಪರಕ್ಕೆ ಸುತ್ತಿಕೊಂಡ ಮೇಲೂ ಹೀಗೇ ನಡುವೆ ತಿರುವು ಹಾಕುತ್ತದೆ. ಮೂರು, ಗುಂಪಿನ ಒಂದೆರಡು ಎಳೆ ಒಂದು ಸುತ್ತು ತಪ್ಪಿಸಿ ಹೊರಗೆ ಚಾಚುತ್ತವೆ, ಕೆದರಿದಂತೆ ಕಾಣುವುದು ಅದರಿಂದ.

ತಾಯಂದಿರು, ಜಡೆ ಹೆಣೆಯುವವರು ಇದನ್ನೆಲ್ಲ ತಲೆಮಾರುಗಳಿಂದ ಬೆರಳಿನಲ್ಲಿ ಬಲ್ಲರು. ಶಾಸ್ತ್ರಕ್ಕೆ ಹೊಸದು, ಅಷ್ಟೆ. 1989ರ ಆಟಿಕೆ ಕರಡಿಯಿಂದ ಇಲ್ಲಿಗೆ 35 ವರ್ಷ.

ನಮ್ಮ ಕಡತದ ಮೂರು ಫೋಟೋ

ಇಷ್ಟು ಬರೆದ ಮೇಲೆ ನಮ್ಮ ಕಡೆಗೂ ನೋಡಿಕೊಳ್ಳಬೇಕು. ಪೋರ್ಚುಗೀಸರು ಗೋವಾಕ್ಕೆ ಗುಲಾಮರಾಗಿ ತಂದ ಆಫ್ರಿಕನ್ನರು ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದರು. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ, ಜೋಯಿಡಾದ ಸಿದ್ದಿಗಳ ಪೂರ್ವಿಕರಲ್ಲಿ ಅವರಿದ್ದಾರೆ. ಉತ್ತರ ಕನ್ನಡದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿದ್ದು 2003ರಲ್ಲಿ. ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮಕರಣಗೊಂಡದ್ದು 2020ರಲ್ಲಿ.

ನಮ್ಮ ಲ್ಯಾಪ್‌ಟಾಪಿನಲ್ಲಿ 'ಸಿದ್ದಿ' ಎಂದು ಹುಡುಕಿದರೆ ಸಂಕದ ಸುದ್ದಿಗೆ ಮೊದಲು ತೆಗೆದ ಮೂರು ಫೋಟೋ ಸಿಕ್ಕವು. ಮೂರೂ ಡಮಾಮಿ ಕುಣಿತದವು. ಅದೇ ಕೇರಿಯಲ್ಲಿ ಅಡಿಕೆ ಸುಲಿಯುವವರಿದ್ದಾರೆ, ಬಸ್ಸಿಗೆ ಕಾಯುವ ಕಾಲೇಜು ಹುಡುಗಿಯರಿದ್ದಾರೆ, ಬೆಳಿಗ್ಗೆ ಮಕ್ಕಳ ತಲೆ ಬಾಚುವ ಅಮ್ಮಂದಿರಿದ್ದಾರೆ. ಡೆಸ್ಕಿನವರು ಕೇಳಿದ್ದು ಕುಣಿತ, ನಾವು ಕಳಿಸಿದ್ದು ಕುಣಿತ. ಗೇಮಿನವರು ನಾಲ್ಕೈದು ಅಚ್ಚಿನಲ್ಲಿ ಕೆಲಸ ಮುಗಿಸಿದರು ಎಂದು ದೂರುವ ನಮ್ಮ ಬಳಿ ಇದ್ದದ್ದು ಒಂದೇ ಅಚ್ಚು.

ಈ ಮಳೆಗಾಲ ಶುರುವಾಗುವ ಮೊದಲು ಮತ್ತೆ ಆ ಕೇರಿಗೆ ಹೋಗಿದ್ದೆವು. ಹಳ್ಳಕ್ಕೆ ಅಡ್ಡ ಹಾಕಿದ ಎರಡು ಅಡಿಕೆ ಮರ ಹಾಗೇ ಇದ್ದವು. ಹುಡುಗ ಸಿಕ್ಕ. ಅಮೆರಿಕದಲ್ಲಿ ಇಂಥ ಕೂದಲಿನ ಲೆಕ್ಕ ಕಂಡುಹಿಡಿದಿದ್ದಾರೆ, ಮಾದರಿಗಳನ್ನು ಪುಕ್ಕಟೆ ಇಟ್ಟಿದ್ದಾರೆ, ಆದರೆ ಕಡಿಮೆ ಬೆಲೆಯ ಫೋನುಗಳ ಆಟದಲ್ಲಿ ಇನ್ನೂ ಅದೇ ಹಳೇ ಪಟ್ಟಿ ಅಂಟಿಸುವ ವಿದ್ಯೆ ನಡೆಯುತ್ತಿದೆ, ಇಲ್ಲಿಗೆ ಬರಲು ಹೊತ್ತು ಹಿಡಿಯಬಹುದು ಎಂದು ತಿಳಿದಷ್ಟು ಹೇಳಿದೆವು. ಅವನು ಪೂರ್ತಿ ಕೇಳಿಸಿಕೊಂಡ. ಆಮೇಲೆ ಹಳ್ಳದ ಕಡೆ ನೋಡಿ ನಕ್ಕ.

"ಅಡ್ಡಿಲ್ಲ ಸರ್. ಸಂಕ ಮೊದ್ಲು ಬರ್ತದೋ ಕೂದ್ಲು ಮೊದ್ಲು ಬರ್ತದೋ, ನೋಡುವಾ."